ಸರ್ವೇಯರ್ ಕುಡಿಯದ ಚಾ

ಮನೆಗೆ ಬಂದವರು ಚಾ ಬೇಡ ಎಂದರೆ ಗುರುದೇವಿಗೆ ಅರ್ಧ ಅವಮಾನ, ಅರ್ಧ ಅನುಮಾನ. ಹಾವೇರಿಯಲ್ಲಿ ಹುಟ್ಟಿ ಬೆಳೆದವಳು. ಅಲ್ಲಿ ಜಗಳಕ್ಕೆ ಬಂದವರೂ ಚಾ ಕುಡಿದೇ ಜಗಳ ಶುರು ಮಾಡುತ್ತಾರೆ.

ಈ ಇನ್ಶೂರೆನ್ಸ್ ಸರ್ವೇಯರ್ ಯೋಗಾನಂದ ಮಾತ್ರ ಬಂದಾಗಲೆಲ್ಲ "ಬೇಡ ಮೇಡಂ" ಎನ್ನುತ್ತಿದ್ದ. ನೀರಾದರೂ ಕುಡಿಯಿರಿ ಎಂದರೆ ಬ್ಯಾಗಿನಿಂದ ತನ್ನ ಬಾಟಲಿ ತೆಗೆದು ತೋರಿಸುತ್ತಿದ್ದ. ಎಂಥ ಕೊಬ್ಬು ಇರಬೇಕು ನೋಡಿ! ಅದೇ ಮನುಷ್ಯ ಹೊರಡುವಾಗ ಗೇಟಿನ ಹತ್ತಿರ ನಿಂತು, ಹೆಲ್ಮೆಟ್ ಹಾಕಿಕೊಳ್ಳುವ ನೆಪದಲ್ಲಿ ಹಿಂದಿರುಗಿ ನೋಡುತ್ತಿದ್ದ. ಅದನ್ನು ಯಾವ ಲೆಕ್ಕಕ್ಕೆ ಹಾಕಿಕೊಳ್ಳಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲ.

ಅವಳದು ಏಲಕ್ಕಿ ಹಾರದ ಕೆಲಸ. ಮದುವೆಯಲ್ಲಿ ಗಂಡಿಗೂ ಹೆಣ್ಣಿಗೂ ಹಾಕುವ, ಜರಿ ಮುತ್ತು ಸೇರಿಸಿದ ಜೋಡಿ ಹಾರ. ರಾಜಧಾನಿಗೆ ಬಂದು ವಿಜಯನಗರದ ಮಾರ್ಕೆಟ್ ಬೀದಿಯಲ್ಲಿ ಮಹಡಿ ಮೇಲೊಂದು ಕೋಣೆ ಹಿಡಿದು ಕಾರ್ಖಾನೆ ಮಾಡಿಕೊಂಡಿದ್ದಳು. ಕೆಳಗಿನ ಅಂಗಡಿಯ ವೈರಿನಿಂದ ಹತ್ತಿದ ಬೆಂಕಿ ಮೇಲಕ್ಕೇರಿ, ಸೀಸನ್ನಿಗೆಂದು ಮಾಡಿಟ್ಟ ಹಾರಗಳನ್ನೆಲ್ಲ ಬೂದಿ ಮಾಡಿತು. ಆ ಹೊತ್ತು ಬೀದಿಗೆಲ್ಲ ಏಲಕ್ಕಿಯ ಘಮ. ಬಸ್ಸಿಗೆ ಕಾಯುತ್ತಿದ್ದವರು ಯಾರದೋ ಮನೆಯಲ್ಲಿ ಪಾಯಸ ಎಂದುಕೊಂಡರಂತೆ. ಅದನ್ನು ಕೇಳಿ ಗುರುದೇವಿ ಬಿಕ್ಕಿ ಬಿಕ್ಕಿ ಅತ್ತಳು.

ಬ್ಯಾಂಕಿನವರು ಸಾಲ ಕೊಡುವಾಗ ಮಾಡಿಸಿದ್ದ ಇನ್ಶೂರೆನ್ಸ್ ಒಂದಿತ್ತು. ಕ್ಲೇಮ್ ಬಂದರೆ ಮತ್ತೆ ಕಾರ್ಖಾನೆ, ಬರದಿದ್ದರೆ ಜೊತೆಗಿದ್ದ ಅವ್ವನ ತಂಗಿ, ಚಿಗವ್ವ ಗುರವ್ವನನ್ನು ಕರೆದುಕೊಂಡು ವಾಪಸ್ ಊರಿಗೆ. ನಷ್ಟ ಎಷ್ಟೆಂದು ನೋಡಿ ಬರೆಯಲು ಕಂಪನಿ ಕಳಿಸಿದ್ದು ಯೋಗಾನಂದನನ್ನು. ತೊಡಕು ಬಂದದ್ದು ಬೆಲೆ ಕಟ್ಟುವಲ್ಲಿ. ಏಲಕ್ಕಿಗೆ ಅಂಗಡಿಯ ಬಿಲ್ಲಿತ್ತು, ಕೈಕೆಲಸಕ್ಕೆ ಯಾರು ಬಿಲ್ಲು ಕೊಡುತ್ತಾರೆ? ಕಂಪನಿಯ ಲೆಕ್ಕದಲ್ಲಿ ಸುಟ್ಟದ್ದು ಬರೀ ದಿನಸಿ.

ಯೋಗಾನಂದ ತಲೆ ಕೆರೆದುಕೊಂಡು, ನನ್ನ ಕಣ್ಣೆದುರಿಗೇ ಒಂದು ಹಾರ ಮಾಡಿ ತೋರಿಸಿ, ಕೆಲಸವೆಷ್ಟು ಹಿಡಿಯುತ್ತದೆಂದು ನೋಡಿ ಬರೆಯುತ್ತೇನೆ ಎಂದ. ಹಾಗೆ ಅವನು ಆರ್‌ಪಿಸಿ ಲೇಔಟಿನ ಅವಳ ಬಾಡಿಗೆ ಮನೆಗೆ ಬಂದು ಕೂರುವುದು ಶುರುವಾಯಿತು.

ಅವಳು ಏಲಕ್ಕಿ ಆರಿಸುತ್ತಿದ್ದಳು, ಅವನು ನೋಡುತ್ತಿದ್ದ. ಅವಳು ಪೋಣಿಸುತ್ತಿದ್ದಳು, ಅವನು ನೋಡುತ್ತಿದ್ದ. ಸೂಜಿಯನ್ನು ನೋಡುತ್ತಾನೋ ತನ್ನನ್ನೋ ಎಂದು ಅವಳು ತಟ್ಟನೆ ತಲೆಯೆತ್ತಿದರೆ, ಅವನು ಗೋಡೆಯ ಕ್ಯಾಲೆಂಡರನ್ನು ಅತಿ ಶ್ರದ್ಧೆಯಿಂದ ಓದುತ್ತಿದ್ದ. ಹೋದ ತಿಂಗಳ ಹಾಳೆ ಅದು, ಹರಿದಿರಲಿಲ್ಲ. ಅವಳಿಗೆ ನಗು ಬರುತ್ತಿತ್ತು. ಚಾ ತಂದಿಟ್ಟರೆ ಮತ್ತದೇ "ಬೇಡ ಮೇಡಂ". ನಗು ಅಲ್ಲೇ ಆರಿಹೋಗುತ್ತಿತ್ತು.

"ಚಾಕ್ಕ ಒಂದ್ ಏಲಕ್ಕಿ ಸೈತ ಹಾಕಿಲ್ಲ, ಅದಕ್ಕ ಒಲ್ಲೆ ಅಂತಾನೇನ?" ಎಂದು ಒಮ್ಮೆ ಚಿಗವ್ವನನ್ನು ಕೇಳಿದಳು. ಹಾರಕ್ಕೆ ಆರಿಸಿದ ಏಲಕ್ಕಿಯನ್ನು ಚಾಕ್ಕೆ ಹಾಕಕೂಡದು ಎಂಬುದು ಗುರವ್ವನ ಕಟ್ಟಪ್ಪಣೆ. ಮನೆ ತುಂಬ ಏಲಕ್ಕಿ ಇದ್ದರೂ ಆ ಮನೆಯ ಚಾಕ್ಕೆ ಬರೀ ಶುಂಠಿ.

ಕೊನೆಯ ದಿನ ಗುರವ್ವ ಸಂತೆಗೆ ಹೋಗಿದ್ದಳು. ಎಳೆಗಳನ್ನು ಸೇರಿಸಿ ಹುರಿಗೊಳಿಸಲು ಆಚೆ ತುದಿಯನ್ನು ಹಿಡಿಯುವವರು ಬೇಕು. ಹಿಡೀತೀರೇನ್ರಿ ಎಂದು ಕೇಳಿದಳು. ಅವನು ಹಿಡಿದ. ಇವಳು ಈಚೆಯಿಂದ ಹುರಿ ಹಾಕುತ್ತ ಹೋದಂತೆ ದಾರ ಬಿಗಿಯಾಗುತ್ತ, ಗಿಡ್ಡವಾಗುತ್ತ ಬಂತು. ಅದರ ಜೊತೆ ಅವನೂ ಒಂದೊಂದೇ ಹೆಜ್ಜೆ ಹತ್ತಿರ ಬರಬೇಕಾಯಿತು. ಎದುರಿಗೆ ಬಂದು ನಿಂತ, ಹುರಿ ಮುಗಿದರೂ ಅವನು ತುದಿ ಬಿಡಲಿಲ್ಲ, ಅವಳೂ ಬಿಡಲಿಲ್ಲ. ತಟ್ಟನೆ ಅವನು ತುದಿಯನ್ನು ಅವಳ ಕೈಗಿಟ್ಟು, ಬ್ಯಾಗು ತೆಗೆದುಕೊಂಡು ಹೊರಟೇಬಿಟ್ಟ. ಗೇಟಿನ ಹತ್ತಿರ ಹಿಂದಿರುಗಿಯೂ ನೋಡಲಿಲ್ಲ.

ಆಮೇಲೆ ಸುದ್ದಿಯೇ ಇಲ್ಲ. ಫೋನ್ ಮಾಡಿದರೆ, ಫೈಲ್ ಈಗ ನನ್ನ ಹತ್ತಿರ ಇಲ್ಲ, ಆಫೀಸಿನಲ್ಲಿ ಕೇಳಿ ಎಂದಷ್ಟೇ ಹೇಳಿ ಇಟ್ಟ. ಗುರುದೇವಿ ಫೋನ್ ಹಿಡಿದುಕೊಂಡೇ ಕುಳಿತಳು. ಕಳ್ಳ ಲೆಕ್ಕ ಕೊಟ್ಟಿದ್ದಾಳೆ ಎಂದುಕೊಂಡನೇ? ಬೇಕೆಂದೇ ದಾರ ಹಿಡಿಸಿದಳು, ಕ್ಲೇಮಿಗಾಗಿ ಬಲೆ ಬೀಸುತ್ತಿದ್ದಾಳೆ ಎಂದುಕೊಂಡನೇ? ಹೌದೇನೋ, ಬೇಕೆಂದೇ ಹಿಡಿಸಿದೆನೇನೋ ಎಂದು ತನ್ನ ಮೇಲೆಯೇ ಅನುಮಾನ ಬಂತು. ಕಾರ್ಖಾನೆ ಹೋದದ್ದಕ್ಕೆ ಅಳು ಬರುತ್ತಿದೆಯೋ ಅವನು ಹೋದದ್ದಕ್ಕೋ, ಅದೂ ಗೊತ್ತಾಗದೆ ಸುಮ್ಮನೆ ಅತ್ತಳು.

ಮುಂದಿನ ವಾರ ಗೋಪೀನಾಥ ಎಂಬ ವಯಸ್ಸಾದ ಸರ್ವೇಯರ್ ಬಂದರು. ಅವರೂ ಚಾ ಬೇಡ ಎಂದಾಗ ಗುರುದೇವಿಗೆ ತಡೆಯಲಾಗಲಿಲ್ಲ. ನಮ್ಮ ಮನಿ ಚಾ ಅಷ್ಟು ಕೆಟ್ಟದೇನ್ರಿ ಎಂದು ಕೇಳಿಯೇಬಿಟ್ಟಳು. ಅವರು ನಕ್ಕು, ಕ್ಲೇಮ್ ಇರುವ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ, ಮೊದಲು ಬರುತ್ತಿದ್ದ ಹುಡುಗನಿಗೆ ಕೆಲಸ ಕಲಿಸಿದ್ದು ನಾನೇ, ಈ ಪಾಠವೂ ನನ್ನದೇ ಎಂದರು.

ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಒಂದು ಕೇಳ್ಬೇಕಮ್ಮ. ಯೋಗಾನಂದ ನಿಮಗೆ ಸಂಬಂಧಾನಾ?" ಎಂದರು.

"ಇಲ್ರಿ. ಯಾಕ್ರಿ?"

"ಈ ಫೈಲ್ ನೀವೇ ತಗೊಳ್ಳಿ ಸಾರ್ ಅಂತ ಬಂದ. ಯಾಕೋ ಅಂದೆ. ಅವರ ಕೆಲಸಕ್ಕೆ ನ್ಯಾಯವಾಗಿ ಬೆಲೆ ಕಟ್ಟೋಕೆ ನನ್ನ ಕೈಲಿ ಆಗಲ್ಲ, ಎಷ್ಟು ಕಟ್ಟಿದ್ರೂ ಕಮ್ಮಿ ಅನ್ಸುತ್ತೆ ಅಂದ."

ಗುರುದೇವಿಯ ಕಿವಿ ಬಿಸಿಯಾಯಿತು. ಸೆರಗಿನ ತುದಿಯನ್ನು ಹುರಿ ಹಾಕುತ್ತ ಕುಳಿತಳು.

"ಸಂಬಂಧ ಇಲ್ಲ ಅಂತ ಬರ್ಕೊಳ್ಳಲಾ?"

"ಸದ್ಯಕ್ಕ ಇಲ್ರಿ," ಎಂದಳು. ಬಾಯಿಂದ ಹೊರಬಿದ್ದ ಮೇಲೆ ತಾನೇ ಬೆಚ್ಚಿದಳು. ಗೋಪೀನಾಥರು ಅದನ್ನು 'ಇಲ್ಲ' ಎಂದೇ ಬರೆದುಕೊಂಡರು. ಗೋಡೆಗೆ ತೂಗುಹಾಕಿದ್ದ ಒಂಟಿ ಹಾರವನ್ನು ಇಳಿಸಿ, ತಿರುಗಿಸಿ, ಬಹಳ ಹೊತ್ತು ನೋಡಿದರು.

ಕ್ಲೇಮ್ ಪಾಸಾಯಿತು. ಕೈಕೆಲಸವನ್ನೂ ಸೇರಿಸಿದ್ದರು. ಮಾರ್ಕೆಟ್ ಬೀದಿಯ ಅದೇ ಕೋಣೆಗೆ ಹೊಸ ಬಣ್ಣ ಬಂತು. ಅವನಿಗೆ ಫೋನ್ ಮಾಡಲೋ ಬೇಡವೋ ಎಂದು ಗುರುದೇವಿ ನಂಬರು ತೆಗೆಯುವುದು, ಮುಚ್ಚುವುದು. ಅವನ ಮನಸ್ಸು ಅಷ್ಟರಲ್ಲಿ ಬದಲಾಗಿದ್ದರೆ? ಗೋಪೀನಾಥರ ಮಾತಿಗೆ ತಾನೇ ಬೇರೆ ಅರ್ಥ ಕಟ್ಟಿಕೊಂಡಿದ್ದರೆ?

ಕಾರ್ಖಾನೆ ಮತ್ತೆ ಶುರು ಮಾಡುವ ಪೂಜೆಯ ದಿನ, ಬಂದವರೆಲ್ಲ ಹೋದ ಮೇಲೆ, ಬಾಗಿಲಲ್ಲಿ ಅವನು ನಿಂತಿದ್ದ. ಬ್ಯಾಗಿಲ್ಲ, ನೀರಿನ ಬಾಟಲಿಯೂ ಇಲ್ಲ. ಸುಮ್ಮನೆ ನಿಂತು, ಬಾಯಿಪಾಠ ಮಾಡಿಕೊಂಡು ಬಂದವನಂತೆ ಹೇಳಿದ.

"ಚಾ ಐತೇನ್ರಿ?"

ಇದೇ ಊರಿನ ನಂದಿನಿ ಲೇಔಟಿನಲ್ಲಿ ಹುಟ್ಟಿ ಬೆಳೆದ ಹುಡುಗನ ಬಾಯಲ್ಲಿ ತನ್ನೂರಿನ ಮಾತು ಕೇಳಿ ಗುರುದೇವಿಗೆ ನಗುವೂ ಬಂತು, ಕಣ್ಣೂ ತುಂಬಿತು. ಒಲೆಯ ಮುಂದೆ ಹೋಗಿ ಹಾಲಿಟ್ಟಳು. ಹಾರಕ್ಕೆಂದು ಆರಿಸಿಟ್ಟ ಬುಟ್ಟಿಗೆ ಕೈಹಾಕಿ ದಪ್ಪ ಏಲಕ್ಕಿಗಳನ್ನು ತೆಗೆದು ಜಜ್ಜಿದಳು. ಗುರವ್ವ ನೋಡಿದಳು. ಬಾಯಿ ತೆರೆದಳು. ಆಮೇಲೆ ಎದ್ದು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕುಳಿತಳು.

ಅವನು ಒಂದು ಗುಟುಕು ಕುಡಿದು ತಲೆಯೆತ್ತಿದ. "ಏಲಕ್ಕಿ ಜಾಸ್ತಿ ಆಯ್ತಲ್ವಾ?"

"ಎಷ್ಟ್ ಹಾಕಿದ್ರೂ ಕಮ್ಮಿ ಅನಸ್ತೈತ್ರಿ," ಎಂದಳು ಗುರುದೇವಿ.

ತನ್ನ ಮಾತು ಎಲ್ಲಿಗೆ ಹೋಗಿ ಮುಟ್ಟಿದೆ ಎಂದು ತಿಳಿದು ಯೋಗಾನಂದನ ಮುಖ ಕೆಂಪೇರಿತು. ಈ ಸಲ ಓದುವುದಕ್ಕೆ ಗೋಡೆಯ ಮೇಲೆ ಕ್ಯಾಲೆಂಡರ್ ಇರಲಿಲ್ಲ. ಅವಳನ್ನೇ ನೋಡುತ್ತ ಲೋಟ ಖಾಲಿ ಮಾಡಿ, ಇನ್ನೊಂದು ಲೋಟ ಕೇಳಿದ.