ಎರಡರಷ್ಟು ಉಸಿರು

ಶಂಕರೆಪ್ಪನವರ ಹೊಂಡದ ಕಟ್ಲಾ ಮೀನುಗಳೆಲ್ಲ ಬೆಳಗಾಗುವಷ್ಟರಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕಾವಲುಗಾರ ಗುಡುಸಾಬ ನೀರಿಗೆ ಗಾಳಿ ಊದುವ ಯಂತ್ರ ಹಚ್ಚದೆ ಮಲಗಿಬಿಟ್ಟನೆಂದು ಕೊಲ್ಹಾರದ ತುಂಬ ಗುಲ್ಲಾಯಿತು. ಹೊಂಡದ ಶೆಡ್ಡೇ ಅವನ ಮನೆ. ಶಂಕರೆಪ್ಪ ಖಾಲಿ ಮಾಡೆಂದದ್ದಕ್ಕೆ ಹಾಸಿಗೆ ಸುತ್ತಿ ಬಾಗಿಲಲ್ಲಿಟ್ಟುಕೊಂಡು ಕೂತಿದ್ದ.

ಊರಿನ ಕಗ್ಗಂಟುಗಳನ್ನೆಲ್ಲ ಬಿಡಿಸುವ ವಿಜ್ಞಾನದ ಟೀಚರ್ ಜಯಮಾಲಾ ಬಂದರು. ಎಂದಿನಂತೆ ಅವರ ಚೀಲ ಹೊತ್ತವನು ಹಳೆಯ ಶಿಷ್ಯ ಚೇತನಕುಮಾರ. ನೀರಿನ ಆಮ್ಲಜನಕ ಅಳೆದು, ಮೂರಕ್ಕಿಂತ ಕಡಿಮೆಯಾದರೆ ಯಂತ್ರವನ್ನು ತಾನೇ ಚಾಲೂ ಮಾಡುವ ಪೆಟ್ಟಿಗೆ ಕೂಡಿಸಿಕೊಟ್ಟವನೂ ಅವನೇ. ಸತ್ತ ಮೀನುಗಳತ್ತ ನೋಡಲು ಅವನಿಗೆ ಮುಖವಿರಲಿಲ್ಲ.

ಜಯಮಾಲಾ ತಮ್ಮ ಮೀಟರನ್ನು ನೀರಿಗೆ ಇಳಿಬಿಟ್ಟರು. “ನಂದು ಐದು ಅಂತೈತಿ, ನಿನ್ನ ಪೆಟ್ಟಿಗಿ ಪರದಿ ಹತ್ತು ಅಂತೈತಿ. ಪೆಟ್ಟಿಗಿ ತಗಿಯಪಾ.”

ಗುಡುಸಾಬ ಚಾಕು ಹುಡುಕಿದ. ಚೇತನ ಜೇಬಿನಿಂದ ನಕ್ಷತ್ರದ ಮೂತಿಯ ಸಣ್ಣ ಸ್ಕ್ರೂಡ್ರೈವರ್ ತೆಗೆದ. ಸ್ಕ್ರೂಗಳ ಮೇಲೆ ಒಂದು ಗೀರೂ ಇರಲಿಲ್ಲ.

ಜಯಮಾಲಾ ಒಳಗೆ ಬಗ್ಗಿ ನೋಡಿ ಎಲ್ಲರನ್ನೂ ಶೆಡ್ಡಿನ ನೆರಳಿಗೆ ಕರೆದರು.

“ಸೆನ್ಸರ್ ಐದು ವೋಲ್ಟ್ ತನಕ ಕೊಡ್ತೈತಿ. ಈ ಕಂಪ್ಯೂಟರ್ ಚಿಪ್‌ಗೆ ಅಷ್ಟು ತಡ್ಕೊಳ್ಳಾಕ ಆಗಂಗಿಲ್ಲ. ಅದಕ್ಕ ಎರಡು ಸಮನಾದ ರೆಸಿಸ್ಟರ್ ಹಾಕಿ ಅರ್ಧಕ್ಕ ಇಳಸ್ತಾರ. ಒಳಗಿನ ಪ್ರೋಗ್ರಾಮು ಅದನ್ನ ಎರಡರಷ್ಟು ಮಾಡಿ ಖರೇ ಲೆಕ್ಕ ತೋರಸ್ತೈತಿ. ಇಲ್ಲಿ ಅರ್ಥಿಂಗ್ ಕಡೀದು ಎರಡನೇ ರೆಸಿಸ್ಟರ್ ಇಲ್ಲ. ವೋಲ್ಟೇಜ್ ಇಳೀಲಿಲ್ಲ, ಪ್ರೋಗ್ರಾಮು ಎರಡರಷ್ಟು ಮಾಡೋದು ಬಿಡಲಿಲ್ಲ. ನೀರಿನ್ಯಾಗ ಎರಡಿದ್ದಾಗ ಪರದಿ ನಾಲ್ಕು ಅಂತು. ಯಂತ್ರ ಹತ್ತಲಿಲ್ಲ.”

ಶಂಕರೆಪ್ಪ ಗುಡುಸಾಬನನ್ನು ದುರುಗುಟ್ಟಿ ನೋಡಿದರು.

“ಮೀನು ಕೊಲ್ಲಾವ ವಾಯರ್ ಕಡೀತಾನ್ರಿ,” ಎಂದರು ಜಯಮಾಲಾ. “ಇದನ್ನ ಬೆಸುಗಿ ಕರಗಿಸಿ ತಗದಾರ. ಸ್ಕ್ರೂಕ್ಕ ಗೀರು ಬಿದ್ದಿಲ್ಲ, ತಕ್ಕ ಸ್ಕ್ರೂಡ್ರೈವರ್ ಇದ್ದವರ ಕೆಲಸ. ಅಂಕಿ ಮ್ಯಾಲ ಬರ್ಲಿ ಅಂತ ಮಾಡ್ಯಾರ. ಅಂಕಿ ಕಡಿಮಿ ಐತಿ ಅಂತ ಬೈದಾವ್ರು ಯಾರ್ರಿ?”

“ನಾನಾ,” ಎಂದರು ಶಂಕರೆಪ್ಪ. “ಯಂತ್ರ ರಾತ್ರೆಲ್ಲ ಓಡಿ ಕರೆಂಟ್ ಬಿಲ್ ಏರಾಕತ್ತಿತ್ತು. ನಿನ್ನ ಪೆಟ್ಟಿಗಿ ಸುಳ್ಳು ಹೇಳ್ತೈತಿ ಅಂದಿದ್ದೆ.” ಅವರ ಕಣ್ಣು ತಾನಾಗಿ ಚೇತನನ ಮೇಲೆ ನಿಂತಿತು.

ಜಯಮಾಲಾ ಹೆಸರು ಹೇಳಲಿಲ್ಲ. ಮೀಟರನ್ನು ಒರೆಸುತ್ತ ಕೂತರು.

“ನಾನಾ ತಗದೇನ್ರಿ,” ಎಂದ ಚೇತನ. “ರೆಸಿಸ್ಟರ್ ಅರ್ಧ ನುಂಗಾಕತ್ತೈತಿ ಅನಕೊಂಡೆ. ಪ್ರೋಗ್ರಾಮಿನ್ಯಾಗ ಎರಡರಷ್ಟು ಮಾಡಿದ್ದು ಮರತಿದ್ದೆ. ನಸುಕಿನ್ಯಾಗ ಗುಡುಸಾಬ ಫೋನ್ ಮಾಡಿ, ಮೀನು ಮ್ಯಾಲ ಬಂದು ಬಾಯಿ ಬಿಡಾಕತ್ತಾವ ಅಂದ. ಪರದಿ ನಾಲ್ಕು ತೋರಸ್ತೈತಲ್ಲ, ಯಂತ್ರ ಮುಟ್ಟಬ್ಯಾಡ ಅಂದೆ.”

ಶಂಕರೆಪ್ಪ ಗುಡುಸಾಬನ ಕಡೆ ತಿರುಗಿದರು. “ಫೋನಿನ ಮಾತು ಮುಂಜಾನೇ ಯಾಕ ಹೇಳಲಿಲ್ಲೋ?”

ಗುಡುಸಾಬ ಚೇತನನನ್ನೇ ನೋಡುತ್ತಿದ್ದ. “ಸರ್ ತಾವಾ ಹೇಳ್ತಾರ ಅನಕೊಂಡು ಕುಂತಿದ್ನಿರಿ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೇತನನಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಬಾಗಿಲಲ್ಲಿದ್ದ ಗುಡುಸಾಬನ ಹಾಸಿಗೆಯ ಸುರುಳಿ ಎತ್ತಿಕೊಂಡು ಶೆಡ್ಡಿನ ಒಳಗೆ ಒಯ್ದಿಟ್ಟ.