ಬೇಚರಾಕ್ ಊರಿನ ಒಲೆ

"ಅಗೀರಿ, ಅಳೀರಿ, ಏನಾರ ಮಾಡ್ಕಳಿ ಕಣವ್ವ. ಇಲ್ಲಿ ಒಲೆ ಮಾತ್ರ ಹಚ್ಬ್ಯಾಡಿ."

ಕುರಿ ಮೇಯಿಸುವ ಉಚ್ಚಂಗಮ್ಮ ಹಾಳೂರಿನ ಗಡಿಕಲ್ಲಿನ ಆಚೆಯೇ ನಿಂತು ಹೇಳಿದಳು. "ಆ ರಾಜನ ದಂಡು, ಈ ರಾಜನ ದಂಡು, ಯಾರ್ ಬಂದ್ರೂ ನಮ್ಮೋರ ಒಲೆ ಮೇಲೇ ಬೇಯಿಸ್ಕೊಂಡ್ ತಿಂದ್ರು. ಸಾಕಾಗಿ ಊರು ಬಿಡೋವಾಗ ಒಲೆಗೆಲ್ಲ ನೀರು ಸುರ್ದು ಮಾಟ ಮಾಡಿ ಹೋದ್ರು. ಹಚ್ಚಿದೋರು ಇಲ್ಲೇ ಉಳೀತಾರೆ."

ಕಲ್ಲಿನ ಒಳಗಡೆ ಗುಂಡಿ ಅಗೆಯುತ್ತಿದ್ದ ಭೂಮಿಕಾ ನಕ್ಕಳು. "ಹಾಗಾದ್ರೆ ಆ ದಂಡಿನವರೆಲ್ಲ ಎಲ್ಲಿದ್ದಾರೆ ಅಜ್ಜಿ? ಕರೀರಿ, ನಂಗೆ ಅವರೇ ಬೇಕಿತ್ತು."

ಉಚ್ಚಂಗಮ್ಮ ಕುರಿ ಹೊಡೆದುಕೊಂಡು ಹೋದಳು.

ಅವತ್ತು ಭೂಮಿಕಾ ನಕ್ಕಿದ್ದು ಅಷ್ಟೇ. ಎರಡು ರಾಜ್ಯಗಳ ಗಡಿಯಲ್ಲಿ ಸಿಕ್ಕಿ ನಲುಗಿದ ಹಳೆಯ ಊರುಗಳು ಯಾವಾಗ ಖಾಲಿಯಾದವು ಎಂದು ತಿಳಿಯಲು ಅವಳು ಕಡೂರು, ತರೀಕೆರೆ, ಅಜ್ಜಂಪುರದ ಹೊಲಗಳನ್ನು ಐದು ತಿಂಗಳಿಂದ ಸುತ್ತಿದ್ದಳು. ಸಿಕ್ಕಿದ್ದು ಬರೀ ಮಡಕೆ ಚೂರು, ಒಂದೊಂದರ ಮೇಲೂ ನಂಬರು ಬರೆದಿಟ್ಟಿದ್ದಳು. ಲ್ಯಾಬಿನವರು ಕಾಲ ಹೇಳಲು ಆ ಊರಿನ ಒಲೆಯ ಒಂದು ತುಂಡು ಇದ್ದಿಲು ಬೇಕು. ಅದಿಲ್ಲದೆ ಪಿಎಚ್‌ಡಿ ಇಲ್ಲ. ಪಂಚನಹಳ್ಳಿ ಹತ್ತಿರದ ಈ ಜಾಗವೇ ಕೊನೆಯದು. ಕಂದಾಯದ ಕಡತದಲ್ಲಿ ಇದು ಬೇಚರಾಕ್, ಅಂದರೆ ದೀಪ ಹಚ್ಚುವವರಿಲ್ಲದ ಊರು. ಅಗೆಯುವ ಅನುಮತಿ ಸಂಜೆಗೆ ಮುಗಿಯುತ್ತಿತ್ತು.

ಮಟಮಟ ಮಧ್ಯಾಹ್ನ ಗುಂಡಿಯ ತಳದಲ್ಲಿ ಮೂರು ಕಲ್ಲಿನ ಒಲೆ ಕಾಣಿಸಿತು. ಒಲೆ ಇದ್ದಲ್ಲಿ ಇದ್ದಿಲು ಇರಲೇಬೇಕು. ಬಗ್ಗಿ ನೋಡಿದರೆ ಒಳಗೆ ಏನೂ ಇಲ್ಲ. ಯಾರೋ ಬೂದಿಯನ್ನೂ ಬಳಿದು ತೊಳೆದು ಹೋಗಿದ್ದರು. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಸರ್ವೆ ಫಾರಂನಲ್ಲಿ 'ಈಗ ವಾಸವಿರುವ ಮನೆಗಳು: ಸೊನ್ನೆ' ಎಂದು ಗೀಚಿದಳು. "ಹಾಳಾಗಿ ಹೋಗ್ಲಿ, ಟೀ ಆದ್ರೂ ಕುಡೀತೀನಿ" ಎಂದು ಅದೇ ಕಲ್ಲುಗಳ ನಡುವೆ ಜಾಲಿ ಪುಳ್ಳೆ ತುರುಕಿ ಕಡ್ಡಿ ಗೀರಿದಳು.

ಹೊಗೆ ಮೇಲೇಳಲಿಲ್ಲ, ನೆಲ ಹಿಡಿದು ಹರಿಯಿತು. ಮೊದಲು ಒದ್ದೆ ಬೂದಿಯ ವಾಸನೆ, ಆಮೇಲೆ ಸೀದ ರಾಗಿಯ ವಾಸನೆ. ದೂರದ ತೆಂಗಿನ ತೋಟದಲ್ಲಿ ಬೋರ್‌ವೆಲ್ ಮೋಟರಿನ ಸದ್ದು ನಿಂತುಹೋಯಿತು. ಎಲ್ಲೋ ಬೀಸುಕಲ್ಲು ಗರಗರ ತಿರುಗತೊಡಗಿತು. ಮೇಲೆ ಸುಡುಬಿಸಿಲು, ಗುಂಡಿಯೊಳಗೆ ಕತ್ತಲು.

"ಒಂದ್ ಕೆಂಡ ಕೊಡವ್ವ."

ಭೂಮಿಕಾ ತಿರುಗಿದಳು. ಗುಂಡಿಯ ಅಂಚಿನ ತುಂಬ ಕೈಗಳು. ಹಸಿಮಣ್ಣು ಮೆತ್ತಿದ ಕೈಗಳು. ಪ್ರತಿ ಕೈಯಲ್ಲೂ ಒಂದು ಮಡಕೆ ಚೂರು, ಚೂರಿನ ಮೇಲೆ ಅವಳೇ ಬರೆದ ನಂಬರು. ಪಕ್ಕದ ಮನೆಯಿಂದ ಬೆಂಕಿ ಒಯ್ಯಲು ಬಂದವರ ಹಾಗೆ ಕಾದಿದ್ದವು.

ನೀರು ಸುರಿದಳು. ಆರಲಿಲ್ಲ. ಮಣ್ಣು ಎಳೆದಳು. ಆರಲಿಲ್ಲ. ಗುಂಡಿ ಹತ್ತಿ ಓಡಿದಳು. ಗಡಿಕಲ್ಲು ಬಂತು. ದಾಟಲು ಕಾಲೆತ್ತಿದಳು. ಕಾಲು ಊರಿದ್ದು ಗುಂಡಿಯೊಳಗೆ, ಒಲೆಯ ಪಕ್ಕ. ಮತ್ತೆ ಓಡಿದಳು. ಮತ್ತೆ ಒಲೆ.

ಮೂರನೆಯ ಸಲ ಓಡಿದಾಗ ಕಲ್ಲಿನಾಚೆ ಉಚ್ಚಂಗಮ್ಮ ನಿಂತಿದ್ದಳು.

"ಅಜ್ಜಿ, ಕೈ ಕೊಡಿ. ಎಳ್ಕೊಳ್ಳಿ."

ಉಚ್ಚಂಗಮ್ಮ ಹಿಂದೆ ಸರಿದಳು. ಅವಳ ಕಣ್ಣಲ್ಲಿ ನೀರಿತ್ತು. "ಹೇಳಿದ್ನಲ್ಲವ್ವ. ಒಲೆ ಹಚ್ಚಿದ್ ಮೇಲೆ ನೀನು ಈ ಊರೋಳು. ನಾನು ಮುಟ್ಟಂಗಿಲ್ಲ."

ಭೂಮಿಕಾ ಕಾಲೆತ್ತಿದಳು. ಮತ್ತೆ ಒಲೆ.

ಅಲ್ಲೇ ಅವಳ ಫಾರಂ ಬಿದ್ದಿತ್ತು. ಸೊನ್ನೆಯನ್ನು ಹೊಡೆದುಹಾಕಿ ಇದ್ದಿಲಿನಲ್ಲಿ 'ಒಂದು' ಎಂದು ಬರೆದಿತ್ತು, ಅವಳದೇ ಅಕ್ಷರದಲ್ಲಿ. ಐದು ತಿಂಗಳು ಹುಡುಕಿದ ಇದ್ದಿಲು ಈಗ ಒಲೆಯ ತುಂಬ ಇತ್ತು.

"ಕೆಂಡ ಆರೋಯ್ತು ಕಣವ್ವ. ಇನ್ನೊಂದ್ ಕೊಡು." ಗುಂಡಿಯ ಅಂಚಿನಿಂದ ಚಾಚಿದ ಕೈಯ ಚೂರಿನಲ್ಲಿ ಬೂದಿಯಷ್ಟೇ ಉಳಿದಿತ್ತು.

ಭೂಮಿಕಾ ಪುಳ್ಳೆ ಮುರಿದು ಒಲೆಗೆ ಇಟ್ಟಳು.