ಅಳಿಸಿದ ಕೊನೆಯ ಅಧ್ಯಾಯ

ಅಮೆರಿಕದ ಡುಲೂತ್‌ನ ಮನೆಯಲ್ಲಿ, ಕಣ್ಣು ಹೋದ ನನ್ನ ಅತ್ತೆ ಇಂಗಾಗೆ ಕೊಲೆಕಥೆಗಳ ಆಡಿಯೋ ಪುಸ್ತಕಗಳನ್ನು ಪ್ಲೇಯರ್‌ಗೆ ತುಂಬಿಕೊಡುವುದು ನನ್ನ ಕೆಲಸವಾಗಿತ್ತು. ಪ್ರತಿ ಪುಸ್ತಕದ ಕೊನೆಯ ಅಧ್ಯಾಯ ಅಳಿಸಿಯೇ ಕೊಡುತ್ತಿದ್ದೆ. ಸುಳ್ಳೇಕೆ, ಖುಷಿಯಾಗುತ್ತಿತ್ತು.

“ಕೊಂದವರು ಯಾರೇ? ಹೇಳೇ,” ಎಂದು ಗೋಗರೆಯುತ್ತಿದ್ದರು.

“ಸತ್ತ ಮೇಲೆ ಗೊತ್ತಾಗತ್ತೆ ಬಿಡಿ.”

ಜನವರಿಯಲ್ಲಿ, ತಮ್ಮ ಮಗ ಮಾಡಿಕೊಟ್ಟ ಸೂಪು ಕುಡಿಯುತ್ತಲೇ ಹೋಗಿಬಿಟ್ಟರು. ಮರುವಾರ ಪುಸ್ತಕಗಳನ್ನೆಲ್ಲ ಅಳಿಸಲು ಕೂತೆ. ನಲವತ್ತೊಂದಕ್ಕೂ ಕೊನೆಯ ಅಧ್ಯಾಯ ಮರಳಿ ಬಂದಿತ್ತು. ಎಲ್ಲವೂ ಒಂಬತ್ತೇ ಸೆಕೆಂಡು. ಪ್ಲೇಯರ್ ಸೂಪಿನ ಬಟ್ಟಲಿನಂತೆ ಬಿಸಿಯಾಗಿತ್ತು. ಒಂದನ್ನು ಒತ್ತಿದೆ. ಬಟ್ಟಲಿಗೆ ಚಮಚ ತಾಗುವ ಸದ್ದು, ಆಮೇಲೆ ಅತ್ತೆಯ ದನಿ: “ಗೊತ್ತಾಯ್ತು ಕಣೇ. ಲೈಲ್.”

ಲೈಲ್ ನನ್ನ ಗಂಡ. ಅಡುಗೆಮನೆಯಿಂದ ಅದೇ ಚಮಚದ ಸದ್ದು ಬಂತು.

“ಸೂಪು ಆರಿಹೋಗತ್ತೆ, ಬಾರೇ!”

ಮದುವೆಯಾದ ಹದಿನಾರು ವರ್ಷದಲ್ಲಿ ಅವನು ನನಗೆಂದು ಒಲೆ ಹಚ್ಚಿದ್ದು ಅದೇ ಮೊದಲು.